ಸಾಲಿನ ನಡುವೆ ನಡೆದವಳು

ನಮ್ಮ ಮನೆಗೆ ಕೇಬಲ್ ಬಂದ ವರ್ಷವೇ ಅಕ್ಕನ ಮದುವೆಯ ಮಾತೂ ಶುರುವಾಯಿತು. ಎರಡನ್ನೂ ತಂದವಳು ಅಮ್ಮ. ಜಯನಗರದ ನಮ್ಮ ರಸ್ತೆಯಲ್ಲಿ ಎಲ್ಲರ ಮನೆಗೂ ಕಪ್ಪು ವೈರು ಬಂದಿದೆ, ನಮ್ಮಲ್ಲಿ ಮಾತ್ರ ಇಲ್ಲ ಎಂದರೆ ಹುಡುಗಿ ನೋಡಲು ಬಂದವರು ಏನಂದುಕೊಂಡಾರು ಎನ್ನುವುದು ಅವಳ ವಾದ. ಅಪ್ಪ ಸೋತರು. ಪಕ್ಕದ ಮನೆಯ ತೆಂಗಿನಮರದಿಂದ ನಮ್ಮ ಸಜ್ಜಾಕ್ಕೆ, ಸಜ್ಜಾದಿಂದ ಕಿಟಕಿಗೆ ವೈರು ಇಳಿಯಿತು.

ನಾನಾಗ ಎಂಟನೆಯ ಕ್ಲಾಸು. ಅಕ್ಕ ಬಿಕಾಂ ಮುಗಿಸಿ ಮನೆಯಲ್ಲಿದ್ದಳು. ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಮುಚ್ಚಿಟ್ಟದ್ದು ಸಾಕು. ಅಕ್ಕನ ಹೃದಯದ ಒಂದು ಕವಾಟ ಕೆಟ್ಟಿತ್ತು. ಹನ್ನೆರಡನೆಯ ವಯಸ್ಸಿನಲ್ಲಿ ಗಂಟಲುನೋವು, ಜ್ವರ, ಕೀಲುಗಳ ಬಾವು ಬಂದು, ಹೋಗುವಾಗ ಅಲ್ಲೊಂದು ಗಾಯ ಉಳಿಸಿ ಹೋಗಿದ್ದವು. ಮೂರು ವಾರಕ್ಕೊಂದು ಇಂಜೆಕ್ಷನ್, ಎಂದೂ ತಪ್ಪಬಾರದು ಎಂದು ಡಾಕ್ಟರು ಹೇಳಿದ್ದರು. ಇದು ಅಪ್ಪ, ಅಮ್ಮ, ಅಕ್ಕ ಮೂವರಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ನನ್ನದು ಬಾಯಿ ಬೊಂಬಾಯಿ, ಹೊಟ್ಟೆಯಲ್ಲಿ ಮಾತು ನಿಲ್ಲದು ಎನ್ನುವುದು ಎಲ್ಲರಿಗೂ ಗೊತ್ತಿತ್ತು.

ಜಯನಗರದಲ್ಲಿ ಕ್ಲಿನಿಕ್ಕುಗಳಿಗೆ ಬರವಿರಲಿಲ್ಲ. ಆದರೆ ಯಾವ ಕ್ಲಿನಿಕ್ಕಿನ ಬೆಂಚಿನಲ್ಲಿ ಕೂತರೂ ಪಕ್ಕದಲ್ಲಿ ಒಬ್ಬರು ಗುರುತಿನವರು ಇರುತ್ತಿದ್ದರು. ಅದಕ್ಕೇ ಅಮ್ಮ ಎರಡು ಬಸ್ಸು ಬದಲಿಸಿ ಅಕ್ಕನನ್ನು ಬೇಗೂರಿನ ಒಬ್ಬ ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದಳು. ರಸ್ತೆಯವರಿಗೆ, ನನಗೆ ಹೇಳುತ್ತಿದ್ದದ್ದು ನಾಗೇಶ್ವರನ ಹರಕೆ ಎಂದು. ಸುಳ್ಳಿನ ಪಾಪ ಬೇಡವೆಂದು ಇಂಜೆಕ್ಷನ್ ಆದಮೇಲೆ ನಿಜವಾಗಿಯೂ ದೇವಸ್ಥಾನಕ್ಕೆ ಹೋಗಿ ಕುಂಕುಮದ ಪೊಟ್ಟಣ ತರುತ್ತಿದ್ದಳು. ನನ್ನನ್ನು ಒಮ್ಮೆಯೂ ಕರೆದುಕೊಂಡು ಹೋಗಲಿಲ್ಲವೆಂದು ನಾನು ಮುಖ ಊದಿಸಿಕೊಂಡು ಕೂರುತ್ತಿದ್ದೆ.

ಕೇಬಲ್ಲಿನಲ್ಲಿ ಅಕ್ಕನೂ ನಾನೂ ತಪ್ಪದೆ ನೋಡುತ್ತಿದ್ದ ಕಾರ್ಯಕ್ರಮವೊಂದು ಭಾನುವಾರ ಬರುತ್ತಿತ್ತು, ತಿಂಡಿಗೂ ಊಟಕ್ಕೂ ನಡುವೆ. ಅಮೆರಿಕದ ಕಪ್ಪು ಜನರ ಸೋಲ್ ಸಂಗೀತ, ಜೊತೆಗೆ ಕುಣಿತ. ಒಬ್ಬರೋ ಒಂದು ಗುಂಪೋ ಬಂದು ಹಾಡುತ್ತಿದ್ದರು, ಸುತ್ತ ನಿಂತ ಹುಡುಗ ಹುಡುಗಿಯರು ಕುಣಿಯುತ್ತಿದ್ದರು. ಕೊನೆಯಲ್ಲಿ ಅವರೆಲ್ಲ ಎದುರುಬದುರಾಗಿ ಎರಡು ಸಾಲು ನಿಂತು ನಡುವೆ ದಾರಿ ಬಿಡುವರು. ಆ ದಾರಿಯಲ್ಲಿ ಒಬ್ಬೊಬ್ಬರೇ ತಮಗೆ ಗೊತ್ತಿರುವ ಕಸರತ್ತನ್ನೆಲ್ಲ ತೋರಿಸುತ್ತ ಬರಬೇಕು. ನಾವು ಅದನ್ನು ‘ಸಾಲು’ ಎಂದು ಕರೆಯುತ್ತಿದ್ದೆವು. ಹಾಡಿನ ಪದ ಒಂದೂ ತಿಳಿಯುತ್ತಿರಲಿಲ್ಲ. ಸೋಲ್ ಅಂದರೆ ಆತ್ಮ ಎಂದು ಅಕ್ಕ ವಿವರಿಸಿದಾಗ ಅಮ್ಮ ತೊಗರಿಬೇಳೆ ಆರಿಸುತ್ತ, “ಆತ್ಮಕ್ಕೆ ಇಷ್ಟೊಂದು ಸೊಂಟ ಬೇಕೇನೆ?” ಎಂದಳು.

ನನಗೆ ಇಷ್ಟವಾದವರು ತಿಳಿನೀಲಿ ಸೂಟಿನ ಐವರು ಗಂಡಸರು. ಐವರೂ ಒಟ್ಟಿಗೆ ತಿರುಗಿ, ಒಟ್ಟಿಗೆ ಬೆರಳು ಚಿಟುಕಿಸುತ್ತಿದ್ದರು. ಕೊನೆಯವನು ಪ್ರತಿಸಲವೂ ಒಂದು ಚಣ ತಡವಾಗಿ ತಿರುಗಿ, ತಾನೇ ನಗುತ್ತಿದ್ದ. ಅಕ್ಕ ನೋಡುತ್ತಿದ್ದದ್ದು ಬೇರೆ. ಅಲ್ಲಿ ಬರುವ ಬಹಳ ಜನ ಹಾಡುತ್ತಿರಲಿಲ್ಲ, ಹಿಂದೆ ರೆಕಾರ್ಡ್ ಹಾಕಿ ತುಟಿ ಆಡಿಸುತ್ತಿದ್ದರು. ಅದನ್ನು ಕಂಡುಹಿಡಿದವಳು ಅವಳೇ.

“ಕತ್ತು ನೋಡು, ಎದೆ ನೋಡು. ಉಸಿರೇ ತಗೊಳ್ತಿಲ್ಲ ಇವನು. ಬರೀ ನಾಟಕ,” ಎನ್ನುತ್ತಿದ್ದಳು.

ಒಂದು ಭಾನುವಾರ ಹಳದಿ ಗೌನಿನ ಒಬ್ಬ ದಪ್ಪ ಹೆಂಗಸು ಬಂದಳು. ಅವಳು ನಿಜವಾಗಿ ಹಾಡಿದಳು. ಹಾಡು ಮೇಲೇರುತ್ತ ಹೋದ ಹಾಗೆ ಅವಳ ಹಣೆ ಬೆವತು, ಭುಜ ಏರಿ ಇಳಿದು, ನಡುವೆ ಒಮ್ಮೆ ವೇದಿಕೆಯ ಮೆಟ್ಟಿಲ ಮೇಲೆ ಕೂತೇಬಿಟ್ಟಳು. ಕೂತು ಉಳಿದದ್ದನ್ನು ಹಾಡಿ ಮುಗಿಸಿದಳು. ಅಕ್ಕ ಕಣ್ಣು ಮಿಟುಕಿಸದೆ ನೋಡಿ, “ಕೂತ್ಕೊಂಡೂ ಮುಗಿಸಬಹುದು ನೋಡು,” ಎಂದಳು. ನಾನು ಆ ಹೆಂಗಸಿನ ಗಾತ್ರದ ಬಗ್ಗೆ ಏನೋ ತಮಾಷೆ ಮಾಡಿದೆ. ಅಕ್ಕ ನಗಲಿಲ್ಲ.

ಇನ್ನೊಂದು ವಾರ ಸಾಲಿನಲ್ಲಿ ಎಲ್ಲರೂ ಜಿಗಿದು, ಮಗುಚಿ, ನೆಲಕ್ಕೆ ಬಿದ್ದು ಎದ್ದು ಬಂದ ಮೇಲೆ ಹಸಿರು ಪ್ಯಾಂಟಿನ ಒಬ್ಬ ಹುಡುಗಿ ಬಂದಳು. ಅವಳು ಏನೂ ಮಾಡಲಿಲ್ಲ. ನಡೆದಳು. ತಾಳ ಓಡುತ್ತಿತ್ತು, ಅವಳು ಅದರ ಅರ್ಧ ವೇಗದಲ್ಲಿ, ಎರಡು ಬಡಿತಕ್ಕೆ ಒಂದು ಹೆಜ್ಜೆ ಇಡುತ್ತ, ಗಲ್ಲ ಎತ್ತಿ, ಒಂದು ಭುಜ ಮಾತ್ರ ಅಲ್ಲಾಡಿಸುತ್ತ ಬಂದಳು. ಎರಡೂ ಸಾಲಿನವರು ಕೂಗಿ ಕೂಗಿ ಹುಚ್ಚಾದರು. ಅಕ್ಕ ಅಂದಿನಿಂದ ನಮ್ಮ ಹಾಲಿನಲ್ಲಿ ಅಡುಗೆಮನೆ ಬಾಗಿಲಿನಿಂದ ಟಿವಿಯವರೆಗೆ ಹಾಗೆಯೇ ನಡೆಯತೊಡಗಿದಳು. ಅಷ್ಟು ಚೆನ್ನಾಗಿ ನಡೆಯುತ್ತಿದ್ದಳು ಎಂದರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಆ ವರ್ಷ ನಮ್ಮ ರಸ್ತೆಯ ಗಣೇಶನ ಪೆಂಡಾಲಿನಲ್ಲಿ ಹುಡುಗಿಯರದೂ ಒಂದು ಕಾರ್ಯಕ್ರಮ ಇರಲಿ ಎಂದಾಯಿತು. ಸಾಲು ಮಾಡೋಣ ಎಂದು ಕುಣಿದವಳು ನಾನೇ. ತಾರಸಿಯ ಮೇಲೆ ಅಭ್ಯಾಸ. ಎಲ್ಲರೂ ಬುಗುರಿಯ ಹಾಗೆ ತಿರುಗುತ್ತಿರುವಾಗ ಅಕ್ಕ ಮಾತ್ರ ನಡೆದುಕೊಂಡು ಬಂದಳು. ಒಂದು ಸಂಜೆ ಉಳಿದವರು ಹೋದ ಮೇಲೆ ನನಗೆ ಸಿಟ್ಟು ಬಂತು.

“ಇದೇನು ಡ್ಯಾನ್ಸಾ? ಹಸೆಮಣೆಗೆ ಹೋಗೋ ಹೆಣ್ಣಿನ ಥರ ಬರ್ತೀಯ. ಬರಲ್ಲ ಅಂದ್ರೆ ಬರಲ್ಲ ಅನ್ನು, ಸ್ಟೈಲ್ ಅಂತ ಬುರುಡೆ ಬಿಡಬೇಡ,” ಎಂದೆ.

ಅವಳಿಗೂ ರೋಷ ಬಂತು. ಟೇಪ್ ರೆಕಾರ್ಡರ್ ಜೋರು ಮಾಡಿ ಕುಣಿದಳು. ಅಕ್ಕ ಹಾಗೆ ಕುಣಿದದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಟಿವಿಯಲ್ಲಿ ಬಂದ ಯಾರೂ ಅವಳ ಮುಂದೆ ನಿಲ್ಲುತ್ತಿರಲಿಲ್ಲ ಎಂದು ಇಂದಿಗೂ ಹೇಳುತ್ತೇನೆ. ಹಾಡು ಅರ್ಧವಾಗುವ ಮೊದಲೇ ಅವಳು ನೀರಿನ ಟ್ಯಾಂಕಿಗೆ ಒರಗಿ ಕುಸಿದಳು. ತುಟಿ ನೇರಳೆ ತಿಂದವರ ಹಾಗಿತ್ತು. ಕತ್ತಿನ ನರ ಹೊಡೆದುಕೊಳ್ಳುವುದು ಕಣ್ಣಿಗೆ ಕಾಣುತ್ತಿತ್ತು. ಅಮ್ಮನನ್ನು ಕೂಗಲು ಹೋದ ನನ್ನ ಲಂಗ ಹಿಡಿದು ಜಗ್ಗಿದಳು. ಉಸಿರು ಹಿಡಿತಕ್ಕೆ ಬಂದಮೇಲೆ ಎಲ್ಲ ಹೇಳಿದಳು: ಕವಾಟ, ಇಂಜೆಕ್ಷನ್, ಬೇಗೂರು. ಆಮೇಲೆ ನನ್ನ ಕೈ ತೆಗೆದು ತನ್ನ ನೆತ್ತಿಯ ಮೇಲೆ ಇಟ್ಟುಕೊಂಡಳು.

“ಆಣೆ ಮಾಡು. ಯಾರಿಗೂ ಹೇಳಲ್ಲ ಅಂತ. ಹೇಳಿದ್ರೆ ನಾನು ಸತ್ತೋಗ್ತೀನಿ ಅಂತ ಮಾಡು.”

ಮಾಡಿದೆ. ಅಂಗೈ ಕೆಳಗೆ ಅವಳ ಬೈತಲೆ ಬೆವತು ಬಿಸಿಯಾಗಿತ್ತು. ತಲೆ ಮುಟ್ಟಿ ಮಾಡಿದ ಆಣೆ ಮುರಿದರೆ ಆ ತಲೆಗೇ ಕುತ್ತು ಎಂದು ಕೇಳಿಕೊಂಡೇ ಬೆಳೆದವಳು ನಾನು. ಆ ರಾತ್ರಿಯಿಂದ ಮೂರು ವಾರದ ಲೆಕ್ಕವನ್ನು ಅಮ್ಮನಿಗಿಂತ ಹೆಚ್ಚಾಗಿ ನಾನೇ ಇಟ್ಟೆ. ಅಕ್ಕ ಮೆಟ್ಟಿಲು ಹತ್ತಿದರೆ ನನ್ನ ಉಸಿರು ನಿಲ್ಲುತ್ತಿತ್ತು.

ಗಣೇಶನ ಮುಂದೆ ಅವಳು ನಡೆದೇ ಬಂದಳು. ಮಾವಿನೆಲೆ ಹಸಿರಿನ ಲಂಗ, ಎರಡು ಬಡಿತಕ್ಕೊಂದು ಹೆಜ್ಜೆ. ಇಡೀ ರಸ್ತೆ ಶಿಳ್ಳೆ ಹೊಡೆಯಿತು. ಪೆಂಡಾಲಿನ ಮುಂದಿನ ಕುರ್ಚಿಯಲ್ಲಿ ಇಟ್ಟಮಡುವಿನಿಂದ ನೆಂಟರ ಮನೆಗೆ ಬಂದಿದ್ದ ಒಬ್ಬ ಹೆಂಗಸು ಕೂತಿದ್ದರು. ಮಾರನೆಯ ವಾರ ಅವರು ತಮ್ಮ ಮಗನ ಜಾತಕ ಹಿಡಿದು ನಮ್ಮ ಮನೆಗೆ ಬಂದರು.

“ಉಳಿದ ಹುಡುಗೀರೆಲ್ಲ ಕೋತಿ ಥರ ನೆಗೀತಿದ್ರು. ನಿಮ್ಮ ಮಗಳು ನೋಡಿ, ಎಷ್ಟು ಗಂಭೀರ! ನಡಿಗೆಯಲ್ಲೇ ಸಂಸ್ಕಾರ ಗೊತ್ತಾಗುತ್ತೆ ಕಣ್ರೀ,” ಎಂದರು.

ಅಮ್ಮ ಕಾಫಿಗೆ ಇನ್ನಷ್ಟು ಸಕ್ಕರೆ ಬೇಕೇ ಎಂದು ಕೇಳಿದಳು. ಅಕ್ಕ ತಲೆ ತಗ್ಗಿಸಿದಳು. ನಾಚಿಕೆ ಎಂದು ಅವರು ಮೆಚ್ಚಿಕೊಂಡರು. ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆದೆ. ಆಗಲೇ ನನಗೆ ಭಯ ಹತ್ತಿತು.

ಮದುವೆಯಾಯಿತು. ಭಾವ ಒಳ್ಳೆಯವರು, ಹೆಚ್ಚು ಮಾತಿನವರಲ್ಲ. ಇಟ್ಟಮಡುವಿನ ಆ ಮನೆಗೆ ಕೇಬಲ್ ಇರಲಿಲ್ಲ. ಮೂರು ವಾರಕ್ಕೊಮ್ಮೆ ಅಮ್ಮ ಒಂದಲ್ಲ ಒಂದು ನೆಪ ಹುಡುಕಿ ಅಕ್ಕನನ್ನು ಕರೆಸುತ್ತಿದ್ದಳು: ಅರಿಶಿನ ಕುಂಕುಮ, ಸತ್ಯನಾರಾಯಣ ಪೂಜೆ, ಅಪ್ಪನಿಗೆ ಜ್ವರ. ಶನಿವಾರ ಬೇಗೂರು, ಭಾನುವಾರ ಸಾಲು. ಒಂದು ವರ್ಷ ಹೀಗೇ ನಡೆಯಿತು. ಆಮೇಲೆ ಅಕ್ಕನ ಅತ್ತೆ ನಗುನಗುತ್ತಲೇ ಕೇಳಿದರು, “ಏನಮ್ಮ, ನಿಮ್ಮಪ್ಪಂಗೆ ಕ್ಯಾಲೆಂಡರ್ ನೋಡ್ಕೊಂಡು ಜ್ವರ ಬರುತ್ತಾ?”

ಅಮ್ಮ ಹೆದರಿದಳು. ಮೂರು ವಾರ ಐದಾಯಿತು, ಐದು ಎಂಟಾಯಿತು. ಇಷ್ಟು ವರ್ಷ ಏನೂ ಆಗಲಿಲ್ಲವಲ್ಲ, ವಾಸಿಯಾಗಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಇಟ್ಟಮಡುವಿನಲ್ಲೂ ಬನಶಂಕರಿಯಲ್ಲೂ ಡಾಕ್ಟರುಗಳಿಲ್ಲವೇ, ಅಲ್ಲೇ ಹಾಕಿಸಿಕೊಳ್ಳಲಿ ಎಂದು ನಾನು ಪಿಸುಗುಟ್ಟಿದರೆ, “ಅವರ ಊರಲ್ಲಿ ಅವರ ಕಣ್ಣೆದುರಿಗೇನೆ?” ಎಂದು ಗದರಿದಳು. ನನಗೆ ವಿಷಯ ಗೊತ್ತಿದೆ ಎಂದು ಅವಳಿಗೆ ತಿಳಿದದ್ದು ಹಾಗೆ. ಅವಳಿಗೆ ಬೇಸರವೂ ಆಗಲಿಲ್ಲ, ಆಶ್ಚರ್ಯವೂ ಆಗಲಿಲ್ಲ. ಬಾಯಿ ಬಿಟ್ಟರೆ ನಿನ್ನ ಅಕ್ಕನ ಬಾಳು ಹಾಳು ಎಂದಳು, ಅಷ್ಟೆ.

ಅಕ್ಕ ಗರ್ಭಿಣಿಯಾಗಿ ಐದು ತಿಂಗಳಾದಾಗ ಕೊನೆಯ ಸಲ ಬಂದಳು. ಆ ಭಾನುವಾರ ಟಿವಿಯಲ್ಲಿ ಬಿಳಿ ಅಂಗಿಯ ಒಬ್ಬ ಮುದುಕ ಹಾಡಿದ. ಹಾಡಿನ ಕೊನೆಯಲ್ಲಿ ಒಂದೇ ಸ್ವರವನ್ನು ಹಿಡಿದು ನಿಂತ. ವಾದ್ಯಗಳೆಲ್ಲ ನಿಂತವು, ಕುಣಿಯುತ್ತಿದ್ದವರು ನಿಂತರು, ಅವನು ಬಿಡಲಿಲ್ಲ. ನಾವಿಬ್ಬರೂ ಅವನ ಜೊತೆ ಉಸಿರು ಕಟ್ಟಿ ಕೂತೆವು. ಅದು ನಮ್ಮ ಹಳೆಯ ಆಟ. ಅಕ್ಕ ಎರಡೇ ಚಣಕ್ಕೆ ಸೋತು ಕೆಮ್ಮತೊಡಗಿದಳು. ಕೆಮ್ಮು ನಿಲ್ಲುವಾಗ ಜಾಹೀರಾತು ಬರುತ್ತಿತ್ತು. ರಾತ್ರಿ ಗೋಡೆಗೆ ದಿಂಬು ಒರಗಿಸಿ ಕೂತೇ ನಿದ್ದೆ ಮಾಡಿದಳು. ಬೆನ್ನು ನೆಲಕ್ಕೆ ತಾಗಿದರೆ ಯಾರೋ ಎದೆಯ ಮೇಲೆ ಕೂತ ಹಾಗಾಗುತ್ತೆ ಎಂದಳು. ಅವರ ಬೀದಿಯ ಡಾಕ್ಟರು ರಕ್ತ ಕಡಿಮೆ ಎಂದು ಮಾತ್ರೆ ಬರೆದುಕೊಟ್ಟಿದ್ದರಂತೆ.

ಏಳನೆಯ ತಿಂಗಳಲ್ಲಿ ಇಟ್ಟಮಡುವಿನ ಮನೆಯಲ್ಲೇ ಸೀಮಂತ. ಅಕ್ಕನ ಕೈತುಂಬ ಹಸಿರು ಬಳೆ. ಹೋಮದ ಹೊಗೆ ಹಾಲಿನಿಂದ ಹೊರಗೆ ಹೋಗಲಿಲ್ಲ. ಅವಳು ಮೂರು ಸಲ ಕೆಮ್ಮಿದಳು, ನಾಲ್ಕನೆಯ ಸಲ ಸೆರಗು ಬಾಯಿಗಿಟ್ಟು ತೆಗೆದಾಗ ಅದರಲ್ಲಿ ಗುಲಾಬಿ ಬಣ್ಣದ ನೊರೆ ಇತ್ತು. ಆರತಿ ತಟ್ಟೆ ಹಾಗೇ ಉಳಿಯಿತು. ಭಾವ ಅವಳನ್ನು ಎತ್ತಿಕೊಂಡು ಆಟೋ ಹತ್ತಿದರು, ನಾವು ಇನ್ನೊಂದರಲ್ಲಿ ಹಿಂಬಾಲಿಸಿದೆವು.

ನರ್ಸಿಂಗ್ ಹೋಮಿನ ಡಾಕ್ಟರು ಅಕ್ಕನ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಹೊರಗೆ ಬಂದರು. ಅಲ್ಲಿ ಅಮ್ಮ, ಅಕ್ಕನ ಅತ್ತೆ, ಭಾವ, ನಾನು.

“ಚಿಕ್ಕೋಳಿದ್ದಾಗ ಕೀಲುನೋವು, ಜ್ವರ ಏನಾದ್ರೂ ಬಂದಿತ್ತಾಮ್ಮ? ಹಾರ್ಟಿಂದು ಏನಾದ್ರೂ ಹೇಳಿದ್ರಾ ಯಾರಾದ್ರೂ?”

ಅಮ್ಮ ಬೀಗಿತ್ತಿಯ ಮುಖ ನೋಡಿದಳು. “ಇಲ್ಲ ಡಾಕ್ಟ್ರೇ. ಏನೂ ಇಲ್ಲ. ಕಲ್ಲುಗುಂಡಿನ ಹಾಗಿದ್ಲು.”

ಡಾಕ್ಟರಿಗೆ ಸಮಾಧಾನವಾಗಲಿಲ್ಲ. ನನ್ನ ಕಡೆ ತಿರುಗಿದರು. “ನೀನು ತಂಗಿನಾ? ನಿಂಗೇನಾದ್ರೂ ಗೊತ್ತಾ? ಹೆದರಬೇಡ, ಹೇಳು.”

ನನಗಾಗ ಹದಿನೇಳು ವರ್ಷ. ಪಿಯುಸಿಯಲ್ಲಿ ಸೈನ್ಸ್ ಓದುತ್ತಿದ್ದೆ. ಹೃದಯದ ನಾಲ್ಕು ಕೋಣೆಗಳ ಚಿತ್ರ ಬರೆದು ಪೂರ್ತಿ ಅಂಕ ಪಡೆದವಳು. ಆದರೂ ಆ ಹೊತ್ತಿಗೆ ನನಗೆ ನೆನಪಾದದ್ದು ತಾರಸಿಯ ಮೇಲೆ ನನ್ನ ಅಂಗೈ ಕೆಳಗಿದ್ದ ಅವಳ ಬಿಸಿ ನೆತ್ತಿ. ಹೇಳಿದರೆ ಸತ್ತುಹೋಗುತ್ತಾಳೆ. ಅವಳು ಬದುಕಲಿ ಎಂದೇ ನಾನು ಗೊತ್ತಿಲ್ಲ ಎಂದೆ. ನನ್ನ ಮೂರ್ಖತನಕ್ಕೆ ಇಷ್ಟು ವರ್ಷ ಎಷ್ಟು ಹೆಸರಿಟ್ಟು ಬೈದುಕೊಂಡರೂ ಸಾಲದು.

ನ್ಯುಮೋನಿಯಾ ಇರಬೇಕೆಂದು ಔಷಧಿ ಶುರು ಮಾಡಿದರು, ಡ್ರಿಪ್ ಹಾಕಿದರು. ಮಾರನೆಯ ದಿನ ದೊಡ್ಡ ಆಸ್ಪತ್ರೆಗೆ ಸಾಗಿಸಿದಾಗ ಅಲ್ಲಿ ಯಂತ್ರದ ಪರದೆಯ ಮೇಲೆ ಎಲ್ಲ ಕಂಡಿತು. “ಇದು ಎಷ್ಟೋ ವರ್ಷದ್ದು. ನಿನ್ನೆ ಗೊತ್ತಾಗಿದ್ರೆ ಏನಾದ್ರೂ ಮಾಡಬಹುದಿತ್ತು,” ಎಂದರು ಅಲ್ಲಿನ ಡಾಕ್ಟರು. ಮಧ್ಯಾಹ್ನದ ಹೊತ್ತಿಗೆ ಅಕ್ಕ ಹೋದಳು. ಹೊಟ್ಟೆಯಲ್ಲಿದ್ದ ಮಗುವೂ ಉಳಿಯಲಿಲ್ಲ.

ಹದಿಮೂರನೆಯ ದಿನದ ಊಟ ಮುಗಿದ ಮೇಲೆ ಹಾಲಿನಲ್ಲಿ ಹೆಂಗಸರು ಕೂತಿದ್ದರು. ದೂರದ ನೆಂಟರೊಬ್ಬರು ದನಿ ತಗ್ಗಿಸಿ, “ಹಾರ್ಟ್ ಪ್ರಾಬ್ಲಮ್ ಇತ್ತಂತಲ್ಲ ಹುಡುಗೀಗೆ?” ಎಂದು ಅಮ್ಮನನ್ನು ಕೇಳಿದರು.

ಎರಡು ವಾರದಿಂದ ಅತ್ತು ಅತ್ತು ದನಿಯೇ ಇಲ್ಲದ ಅಮ್ಮ ನೆಟ್ಟಗೆ ಕೂತಳು. “ಯಾರ್ರೀ ಹಾಗಂದಿದ್ದು? ನಮ್ಮ ವಂಶದಲ್ಲೇ ಇಲ್ಲ ಅದು. ದೃಷ್ಟಿ ಆಯ್ತು ಕಣ್ರೀ ನನ್ನ ಮಗೂಗೆ.” ಆಮೇಲೆ ಪಕ್ಕದಲ್ಲಿದ್ದ ನನ್ನ ತೋಳು ಹಿಡಿದು ಮುಂದಕ್ಕೆ ಎಳೆದುಕೊಂಡಳು. “ಇವಳನ್ನೇ ನೋಡಿ. ಇದುವರೆಗೂ ಒಂದು ಮಾತ್ರೆ ನುಂಗಿದೋಳಲ್ಲ. ಅಲ್ವೇನೆ?”

ಆ ಹೆಂಗಸು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅಮ್ಮನ ಬೆರಳುಗಳು ನನ್ನ ತೋಳಿನೊಳಗೆ ಇಳಿಯುತ್ತಿದ್ದವು. ನಾನು ಹೌದೆಂದು ತಲೆಯಾಡಿಸಿದೆ.