ಮೂರು ಗುಳಿಗೆಯ ಗೌರವ

ನನಗೆ ಬೀಪಿ ಇರುವುದನ್ನು ನಾನು ಮುಚ್ಚಿಟ್ಟವನಲ್ಲ. ಮುಚ್ಚಿಡುವುದಿರಲಿ, ಮೆರೆಸಿದ್ದೇನೆ. ಕೊಟ್ಟೂರಿನ ನಮ್ಮ ಓಣಿಯಲ್ಲಿ ಬೀಪಿಯವರು ಬೇಕಾದಷ್ಟು ಜನ. ದಿನಕ್ಕೆ ಮೂರು ಗುಳಿಗೆಯವನು ಮಾತ್ರ ನಾನೊಬ್ಬನೇ. ಹಡಗಲಿಯ ಬೀಗರಿಗೆ ಎರಡು. ಹರಪನಹಳ್ಳಿಯ ಷಡ್ಡಕನದು ಪಾಪ, ಒಂದೂವರೆ.

ಮೂರೂ ಒಮ್ಮೆಲೇ ಬಂದವಲ್ಲ. ಹಳೆಯ ಡಾಕ್ಟರರ ಪದ್ಧತಿ ಹಾಗಿತ್ತು: ಮೊದಲು ಒಂದು ಬಿಳಿ, ಬೀಪಿ ಬಗ್ಗದಿದ್ದರೆ ಜೊತೆಗೊಂದು ಹಳದಿ, ಅದಕ್ಕೂ ಬಗ್ಗದಿದ್ದರೆ ಗುಲಾಬಿ. ನೌಕರಿಯಲ್ಲಿ ಸಿಗದ ಬಡ್ತಿ ನನಗೆ ಹೀಗೆ ಸಿಕ್ಕಿತು. ಮನೆಯಲ್ಲಿ ಸಿಟ್ಟಾಗುವ ಹಕ್ಕೂ ನನ್ನೊಬ್ಬನದಾಯಿತು. ಸಾರು ಸಪ್ಪೆಯೆಂದು ನಾನು ತಟ್ಟೆ ಸರಿಸಿದರೆ, "ಸುಮ್ನಿರ್ರಿ ಎಲ್ರೂ, ಅವ್ರಿಗೆ ಮೂರು ಗುಳಿಗಿ ಅದಾವ" ಎಂದು ಹೆಂಡತಿ ಗಿರಿಜಾ ಮಕ್ಕಳನ್ನೇ ಗದರುವಳು. ಸಂತೆಯ ಚೀಲ ಹೊರುವುದರಿಂದಲೂ ನನಗೆ ವಿನಾಯಿತಿ ಇತ್ತು.

ಆದರೆ ಔಷಧಕ್ಕೂ ಫ್ಯಾಷನ್ ಇರುತ್ತದೆ ನೋಡಿ. ಹಳೆಯ ಡಾಕ್ಟರು ನಿವೃತ್ತರಾಗಿ ಹೊಸ ಡಾಕ್ಟರಮ್ಮ ಬಂದರು. ನನ್ನ ಚೀಟಿ ನೋಡಿ, "ಈಗ ಮೂರೂ ಕೂಡಿಸಿ ಒಂದ ಗುಳಿಗಿ ಬಂದೈತ್ರಿ ಯಜಮಾನ್ರ, ಅದನ್ನ ತಗೊಳ್ರಿ" ಎಂದರು. ತ್ರಿಫಲ, ತ್ರಿಕಟು ಎಂದು ಮೂರನ್ನು ಕುಟ್ಟಿ ಒಂದಾಗಿಸುವ ಬುದ್ಧಿ ನಮ್ಮ ಪಂಡಿತರಿಗೂ ಇತ್ತು, ಒಪ್ಪುತ್ತೇನೆ. ಅದರಿಂದ ಯಾರ ಮಾನವೂ ಹೋಗಿರಲಿಲ್ಲ. "ಇನ್ನೊಂದಾರ ಬರೀರಿ, ಸುಮ್ನ ಇರಲಿ" ಎಂದು ಬೇಡಿಕೊಂಡೆ. ಡಾಕ್ಟರಮ್ಮ ನಕ್ಕರು, ಬರೆಯಲಿಲ್ಲ.

ಮರುದಿನ ಸಂತೆ. ಗಿರಿಜಾ ಚೀಲ ತಂದು ನನ್ನ ಮುಂದಿಟ್ಟಳು. "ಈಗ ಒಂದ ಗುಳಿಗಿ ಆತಲ್ರಿ. ಬದನಿಕಾಯಿ ತಗೊಂಬರ್ರಿ."

ನನಗೆ ನಿಜವಾಗಿಯೂ ಉರಿಯಿತು. "ಒಂದ ಕಂಡ್ರೂ ಒಳಗ ಮೂರು ಅದಾವ. ಬೀಪಿ ಅಂದ್ರ ಏನಂತ ನಿನಗೇನು ಗೊತ್ತು?"

ಅವಳು ಅಡುಗೆಮನೆಗೆ ಹೋಗಿ, ಜೀರಿಗೆ ಡಬ್ಬಿಯ ಹಿಂದಿನಿಂದ ಗುಳಿಗೆಗಳನ್ನು ತಂದು ತೋರಿಸಿದಳು. ಬಿಳಿ, ಹಳದಿ, ಗುಲಾಬಿ. ನನ್ನವೇ ಉಳಿದವು ಎಂದುಕೊಂಡೆ.

"ನನ್ನವು. ನಾಕು ವರ್ಷ ಆತು."

"ಹೇಳಬಾರದಿತ್ತೇನ?"

"ಹೇಳಿದ್ರ ನಿಮ್ಮ ಬೀಪಿ ಏರತಿತ್ತಲ್ರಿ."

ನಾಚಿಕೆಯಾಯಿತು. ಚೀಲ ಎತ್ತಿಕೊಂಡು ಸಂತೆಗೆ ನಡೆದೆ. ಅಭ್ಯಾಸವಿಲ್ಲದ ಕೈ, ತಂದ ಬದನೆಕಾಯಿಯಲ್ಲಿ ಅರ್ಧಕ್ಕರ್ಧ ಹುಳುಕು. ಗಿರಿಜಾ ಒಂದೊಂದನ್ನೇ ಹೆಚ್ಚುತ್ತ, ಒಂದೊಂದಕ್ಕೂ ನನ್ನನ್ನು ಬೈದಳು. ಮಕ್ಕಳು ಕಿಸಕ್ಕನೆ ನಕ್ಕವು.

"ಸುಮ್ನಿರ್ರಿ ಎಲ್ರೂ," ಎಂದೆ, "ನಿಮ್ಮವ್ವಗ ಮೂರು ಗುಳಿಗಿ ಅದಾವ."