ನನ್ನ ಜಾತಕವೂ ಏಜೆಂಟನ ಷರತ್ತುಗಳೂ

ನಾನು ಮಾಡುವ ಕೆಲಸ ಏನೆಂದು ಬ್ರಹ್ಮಾವರದಲ್ಲಿ ಯಾರಿಗೂ ಸರಿಯಾಗಿ ವಿವರಿಸಲು ನನಗೆ ಈವರೆಗೆ ಸಾಧ್ಯವಾಗಿಲ್ಲ. ಯಾರೋ ತಯಾರಿಸಿದ ಸಾಫ್ಟ್‌ವೇರನ್ನು ಬಳಸುವುದು ಹೇಗೆಂದು ನಾನು ಬರೆಯುತ್ತೇನೆ. ಅಡುಗೆ ಅವರದ್ದು, ಉಣ್ಣುವ ಕ್ರಮ ಹೇಳುವುದು ನನ್ನದು. ಓದುವವರು ಯಾರು ಎಂದು ಮಾತ್ರ ಕೇಳಬೇಡಿ.

ಈ ಸಲ ಬಂದ ಅಡುಗೆ ವಿಚಿತ್ರದ್ದು. ಈಗ ಎಐ ಏಜೆಂಟ್ ಎಂಬ ದಲ್ಲಾಳಿಗಳು ಹುಟ್ಟಿಕೊಂಡಿದ್ದಾವಲ್ಲ, ನಮ್ಮ ಪರವಾಗಿ ಟಿಕೆಟ್ ತೆಗೆಯುವಂಥವು, ಪತ್ರ ಬರೆಯುವಂಥವು. ಅವು ತಮ್ಮ ಕಾನೂನು ಷರತ್ತುಗಳನ್ನು ಅಂತರ್ಜಾಲದ ಯಾವುದೋ ಮೂಲೆಯಲ್ಲಿ ಪ್ರಕಟಿಸಿರುತ್ತವೆ. ಏಜೆಂಟನ ಹೆಸರು ಹೇಳಿದರೆ ಆ ಷರತ್ತುಗಳನ್ನು ಹುಡುಕಿ ತಂದುಕೊಡುವ ಸಾಧನ ಇದು. ಕರಾರಿಗೆ ಸಹಿ ಹಾಕುವ ಮೊದಲು ಓದಬೇಕೆಂಬುದು ಶಿಲಾಶಾಸನದಷ್ಟು ಹಳೆಯ ಬುದ್ಧಿವಾದ. ಶಾಸನವನ್ನಾದರೂ ಬಂಡೆಯ ಮೇಲೆ ಎದುರಿಗೇ ಕೆತ್ತುತ್ತಿದ್ದರು. ಇವರು ಇರುವೆ ಗಾತ್ರದ ಅಕ್ಷರದಲ್ಲಿ ಪುಟದ ಬುಡಕ್ಕೆ ತಳ್ಳುತ್ತಾರೆ.

ಬರೆಯುತ್ತ ಕೂತಿದ್ದಾಗ ಶಂಕರನಾರಾಯಣವೆಂಬ ಊರಿನಿಂದ ಸರೋಜಕ್ಕನ ಫೋನು. ಸರೋಜಕ್ಕ ನನ್ನ ದೊಡ್ಡಮ್ಮನ ಮಗಳು, ಸುತ್ತಲಿನ ಊರುಗಳಿಗೆಲ್ಲ ಮದುವೆ ಕುದುರಿಸುವವಳು.

"ಹೆಣೆ, ನಿಂಗೆ ಗಂಡ್ ಬಂದಿತ್ತ್ ಕಾಣ್!"

ನನಗೆ ಮದುವೆಯಾಗಿ ಮಗಳು ಹೈಸ್ಕೂಲಿಗೆ ಹೋಗುತ್ತಿದ್ದಾಳೆ. ವಿಷಯ ಇಷ್ಟೆ: ಜಾತಕ ಹೊಂದಿಸುವ ಏಜೆಂಟೊಂದನ್ನು ಅಕ್ಕ ಫೋನಿನಲ್ಲಿ ಹಾಕಿಸಿಕೊಂಡಿದ್ದಳು. ಪರೀಕ್ಷೆಗೆಂದು ಕಪಾಟಿನಲ್ಲಿ ಕೈಗೆ ಸಿಕ್ಕಿದ ನನ್ನ ಹಳೇ ಜಾತಕವನ್ನು ಕೊಟ್ಟಳು. ಅದು ತಡಮಾಡದೆ ಮುಂಬೈಯ ಒಬ್ಬ ಹೋಟೆಲಿನವನನ್ನೂ ಸಂಗೀತ ಕಲಿತ ಒಬ್ಬ ದಂತವೈದ್ಯನನ್ನೂ ಗೊತ್ತುಮಾಡಿಬಿಟ್ಟಿದೆ! ನಾನು ಫೋನು ಹಿಡಿದುಕೊಂಡೇ ನಗುತ್ತ ಪಕ್ಕದಲ್ಲಿದ್ದ ಗಂಡನಿಗೆ ವರದಿ ಒಪ್ಪಿಸಿದೆ. ಅವರು ಗಂಭೀರವಾಗಿ ಯೋಚಿಸಿ, "ಹೋಟ್ಲಿನವ್ರ್ ಅಡ್ಡಿಲ್ಲ ಮಾರಾಯ್ತಿ, ಊಟಕ್ಕೆ ತೊಂದ್ರಿ ಇಲ್ಲ" ಎಂದರು.

ಆದರೆ ಅಕ್ಕ ಕೊನೆಗೆ ಹೇಳಿದ ಮಾತಿಗೆ ನನ್ನ ನಗು ನಿಂತಿತು. ಕಪಾಟಿನಲ್ಲಿರುವ ಹುಡುಗಿಯರ ಜಾತಕಗಳನ್ನೆಲ್ಲ ಮರುದಿನ ಅದಕ್ಕೇ ತುಂಬುತ್ತಾಳಂತೆ. ಬೆಳಗಿನ ಬಸ್ಸಿಗೇ ಲ್ಯಾಪ್‌ಟಾಪ್ ಕಟ್ಟಿಕೊಂಡು ಹೊರಟೆ.

ಅಕ್ಕನ ಜಗಲಿಯಲ್ಲಿ ಕೂತು ಸಾಧನಕ್ಕೆ ಏಜೆಂಟನ ಹೆಸರು ಕೊಟ್ಟೆ. "ಷರತ್ತುಗಳು: ಶೂನ್ಯ" ಎಂದು ಬಂತು.

"ಷರತ್ತೇ ಇಲ್ಯಾ? ಹಂಗಾರೆ ಒಳ್ಳೇದೇ ಆಯ್ತಲೆ!" ಎಂದು ಅಕ್ಕ ಜಾತಕದ ಕಟ್ಟು ಬಿಚ್ಚತೊಡಗಿದಳು.

"ತಡಿ ಅಕ್ಕಾ!" ಎಂದು ಅವಳ ಕೈ ಹಿಡಿದೆ. ಸಾಧನದ ಶೂನ್ಯಕ್ಕೆ ತನಗೆ ಸಿಕ್ಕಲಿಲ್ಲ ಎಂದರ್ಥ, ಷರತ್ತೇ ಇಲ್ಲ ಎಂದಲ್ಲ. ನನ್ನ ಬರಹದಲ್ಲಾದರೂ ಆ ವ್ಯತ್ಯಾಸವನ್ನು ಹೇಳಿದ್ದೆನೇ? ಇಲ್ಲ! ನಾಚಿಕೆಗಿಂತ ಖುಷಿಯೇ ಹೆಚ್ಚಾಯಿತು. ಓದುಗರಿಲ್ಲದ ಲೇಖಕಿಗೆ ಎದುರಿಗೇ ತಪ್ಪು ತಿಳಿದುಕೊಳ್ಳುವ ಓದುಗರೊಬ್ಬರು ಸಿಕ್ಕುವುದೆಂದರೆ ಸಾಮಾನ್ಯವೇ? ಏಜೆಂಟನ ಮುದ್ದಿನ ಹೆಸರು ಬಿಟ್ಟು ಅದರ ಜಾಲತಾಣದ ಪೂರ್ತಿ ವಿಳಾಸ ಕೊಟ್ಟೆ. ಷರತ್ತುಗಳು ದಬದಬನೆ ಬಂದು ಬಿದ್ದವು. ಒಂದೊಂದನ್ನೇ ಕನ್ನಡಕ್ಕೆ ತಂದು ಓದಿ ಹೇಳಿದೆ. "ನೀವು ಕೊಟ್ಟ ಮಾಹಿತಿಯನ್ನು ನಮ್ಮ ಪಾಲುದಾರರೊಂದಿಗೆ ಹಂಚಿಕೊಳ್ಳಬಹುದು" ಎಂಬಲ್ಲಿ ಅಕ್ಕ ತಡೆದಳು.

"ಪಾಲುದಾರ್ರ್ ಅಂದ್ರೆ ಯಾರೆ?"

"ಅದನ್ನ್ ಹೇಳ್ಲಿಲ್ಲ ಅಕ್ಕಾ."

ಅಕ್ಕ ಬಿಚ್ಚಿದ ಕಟ್ಟನ್ನು ಮಡಿಲಿಗೆ ಎಳೆದುಕೊಂಡಳು. "ಆ ಮಕ್ಳ ಅಪ್ಪ-ಅಮ್ಮ ನನ್ನ್ ನಂಬಿ ಕೊಟ್ಟದ್. ಯಾರ್ಯಾರಿಗೋ ಹಂಚುಕೆ ಆತ್ತಾ?" ಎಂದವಳೇ ಕಟ್ಟನ್ನು ಮತ್ತೆ ಬಿಗಿದು ಕಪಾಟಿಗೆ ಬೀಗ ಹಾಕಿದಳು.

ನನ್ನ ಜಾತಕದ ಗತಿ? ಕೋರಿದರೆ ಅಳಿಸಿಹಾಕುತ್ತೇವೆ ಎಂದು ಷರತ್ತಿನ ತಳದಲ್ಲಿ ಒಂದು ಸಾಲಿತ್ತು. ಕೋರಿದೆವು. ಊಟ ಮುಗಿಸುವಷ್ಟರಲ್ಲಿ ಉತ್ತರ ಬಂತು: "ನಿಮ್ಮ ಮಾಹಿತಿಯನ್ನು ಅಳಿಸಲಾಗಿದೆ. ನೀವು ಯಾರೆಂದು ನಮಗೆ ತಿಳಿದಿಲ್ಲ." ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ದಂತವೈದ್ಯ ಕೈತಪ್ಪಿದ್ದಕ್ಕೆ ಅಕ್ಕನಿಗೆ ಸ್ವಲ್ಪ ಬೇಸರವೂ ಆಯಿತು.

ವಾಪಸು ಬರುವ ಬಸ್ಸಿನಲ್ಲಿ, ಯಾರಿಗೂ ತಿಳಿಯದವಳಾದ ಸಂಭ್ರಮದಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಪಕ್ಕದಲ್ಲಿದ್ದ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವ್ ಯಾರ್ ಮನಿಯವ್ರ್?" ಎಂದರು. ಯಾವ ಷರತ್ತನ್ನೂ ಕೇಳಲಿಲ್ಲ ನಾನು. ಅಪ್ಪನ ಮನೆ, ಗಂಡನ ಮನೆ, ಮಗಳ ಶಾಲೆ, ಕೊನೆಗೆ ನನ್ನ ನಕ್ಷತ್ರದವರೆಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವರ ಪಾಲುದಾರರು ಯಾರೆಂಬುದೂ ಗೊತ್ತಿತ್ತು: ಇಡೀ ಬಸ್ಸು ಕಿವಿ ನಿಮಿರಿಸಿಕೊಂಡು ಕೇಳುತ್ತಿತ್ತು.