ದೊಡ್ಡಮ್ಮನ ಲೇಖನಕ್ಕೆ ಹಿಂದಿ ಫಾಂಟು

ನೋಯ್ಡಾದ ನಮ್ಮ ದೊಡ್ಡಮ್ಮ ಮಾತಿಗೆ ಕೂತರೆ, ಒಲೆಯ ಮೇಲೆ ಹಾಲು ಉಕ್ಕಿದರೂ ಕೇಳುವವರು ಏಳುವುದಿಲ್ಲ. ನನ್ನ ನಾಲಿಗೆಗೆ ಕನ್ನಡ ಹತ್ತಿದ್ದು ಅವರಿಂದಲೇ. ಆದರೆ ಅವರು ಬರೆದದ್ದು ಒಂದೇ ಲೇಖನ. ದೊಡ್ಡಪ್ಪ ತೀರಿಕೊಂಡ ಮೇಲೆ, ದೊಡ್ಡಪ್ಪನ ಬಗ್ಗೆಯೇ, ಅವರದೇ ಹಳೆಯ ಕಂಪ್ಯೂಟರಿನಲ್ಲಿ ಒಂದೇ ಬೆರಳಿನಿಂದ ಕುಟ್ಟಿದ್ದು. ಕನ್ನಡ ಸಂಘದ ಸ್ಮರಣ ಸಂಚಿಕೆಯಲ್ಲಿ ಅಚ್ಚಾಗಿ ಅದನ್ನು ನಾಲ್ಕು ಜನ ಓದಬೇಕು, ಅಷ್ಟೇ ಅವರ ಆಸೆ.

ಆ ಕಂಪ್ಯೂಟರಿನದು ಹಳೇ ಕಾಲದ ಫಾಂಟು. ಅದನ್ನು ಹಾಕಿಕೊಂಡ ಯಂತ್ರದಲ್ಲಿ ಮಾತ್ರ ಬರೆದದ್ದು ಕನ್ನಡವಾಗಿ ಕಾಣುತ್ತದೆ. ಬೇರೆಡೆ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಬೆರಕೆ. ಅದಕ್ಕೇ ಪೆನ್‌ಡ್ರೈವಿನಲ್ಲಿ ಲೇಖನದ ಜೊತೆ ಫಾಂಟನ್ನೂ ಹಾಕಿ ಸಂಘದ ಕಾರ್ಯದರ್ಶಿಗಳಿಗೆ ಕೊಟ್ಟೆ.

“ಮೊದಲು ಇದನ್ನ ಇನ್‌ಸ್ಟಾಲ್ ಮಾಡಿಸಿ ಸಾರ್, ಆಮೇಲೆ ಫೈಲು.”

“ಅಚ್ಛಾ ಅಚ್ಛಾ. ನಾನೇನು ನಿನ್ನೆ ಮೊನ್ನೆ ಕಂಪ್ಯೂಟರ್ ಕಂಡವನೇನಪ್ಪಾ?”

ಪ್ರೆಸ್ಸಿಗೆ ಅವರು ವಾಟ್ಸಾಪಿನಲ್ಲಿ ಲೇಖನವನ್ನಷ್ಟೇ ಕಳಿಸಿದರು.

ಬಿಡುಗಡೆಯ ದಿನ ಸಂಚಿಕೆ ಬಿಡಿಸಿದರೆ, ಉಳಿದವರ ಲೇಖನಗಳೆಲ್ಲ ಸರಿಯಾಗಿಯೇ ಇದ್ದವು. ದೊಡ್ಡಮ್ಮನ ಫೋಟೋದ ಕೆಳಗೆ ಮಾತ್ರ ಎರಡು ಪುಟ ದೇವನಾಗರಿ. ಹಿಂದಿಯೂ ಅಲ್ಲ, ಅರ್ಥವಿಲ್ಲದ ಅಕ್ಷರಗಳ ರಾಶಿ. ಸಭಾಂಗಣದ ಹೊರಗೆ ಬಂದು ಪ್ರೆಸ್ಸಿಗೆ ಫೋನ್ ಮಾಡಿದೆ. ಆಪರೇಟರು ತಣ್ಣಗೆ ಹೇಳಿದ: “ಹಿಂದಿ ಫಾಂಟ್ ಲಗಾ ದಿಯಾ. ಅಕ್ಷರ್ ತೋ ಆ ಗಯೇ ನಾ, ಭಯ್ಯಾ?” ಕಲಬೆರಕೆ ಕಂಡದ್ದಕ್ಕೆ ಹಿಂದಿ ಫಾಂಟು ಹಾಕಿದನಂತೆ, ಅಕ್ಷರವಾದರೂ ಮೂಡಿದವಲ್ಲ ಎಂಬುದು ಅವನ ವಾದ. ಪ್ರೂಫ್ ಪಾಸ್ ಮಾಡಿದ್ದೂ ನಮ್ಮ ಕಾರ್ಯದರ್ಶಿಗಳೇ ಅಂತೆ.

ಒಳಗೆ ಬಂದರೆ ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಆ ಪುಟವನ್ನೇ ನೋಡುತ್ತ ಕೂತಿದ್ದರು. ಸುತ್ತ ಜನ.

“ಸೂಪರ್ ಆಂಟಿ! ಓದ್ತಾ ಓದ್ತಾ ಕಣ್ಣಲ್ಲಿ ನೀರು ಬಂದ್ಬಿಡ್ತು,” ಎಂದಳು ನಮ್ಮ ಹೌಸಿಂಗ್ ಸೊಸೈಟಿಯವಳೇ ಒಬ್ಬಳು.

“ಯಾವ ಜಾಗದಲ್ಲಮ್ಮಾ?”

“ಎಲ್ಲಾ ಕಡೆನೂ ಆಂಟಿ!”

ಇನ್ನೊಬ್ಬರು, “ಮಕ್ಕಳಿಗೂ ಗೊತ್ತಾಗ್ಲಿ ಅಂತ ಹಿಂದಿಯಲ್ಲೇ ಬರೆದ್ರಲ್ಲ, ಒಳ್ಳೇದು ಮಾಡಿದ್ರಿ,” ಎಂದರು.

ಕಾರ್ಯದರ್ಶಿಗಳು ಬಗ್ಗಿ ಪಿಸುಗುಟ್ಟಿದರು: “ಮುಂದಿನ ವರ್ಷ ಸರಿಯಾಗಿ ಹಾಕ್ಸೋಣ ಅಮ್ಮಾ. ಸದ್ಯ, ಯಾರಿಗೂ ಗೊತ್ತಾಗಿಲ್ಲ.”

“ಹೌದಪ್ಪಾ, ಯಾರಿಗೂ ಗೊತ್ತಾಗಿಲ್ಲ.”

ಮನೆಗೆ ಬರುವಾಗ ಕ್ಯಾಬಿನಲ್ಲಿ, “ಹೊಸ ಫಾಂಟಿಗೆ ನಾನೇ ಬದಲಾಯಿಸಿ, ಅಷ್ಟೂ ಜನರ ಫೋನಿಗೆ ಕಳಿಸ್ತೀನಿ ದೊಡ್ಡಮ್ಮಾ,” ಎಂದೆ.

“ಬೇಡ ಕಣೋ. ಒಂದ್ಸಲ ಅತ್ತು ಮುಗಿಸಿದ್ದಾರಲ್ಲ, ಮತ್ತೆ ಯಾಕೆ ಅಳಿಸ್ತೀಯ?”